ಕೋಳಿಮನೆಗೆ ದೀಪ: ನಡುವೆ ಕೈಬಿಡುವುದಾದರೆ ಬೇಡ

ಕಾರ್ತಿಕ ಕಳೆದು ಮಾಗಿಯ ಚಳಿ ಹಿಡಿಯುವ ಹೊತ್ತಿಗೆ ಮುಳಬಾಗಿಲು ಸೀಮೆಯಲ್ಲಿ ಕೋಳಿ ಸಾಕುವವರಿಂದ ಪ್ರತಿವರ್ಷವೂ ಒಂದೇ ದೂರು ಕೇಳಿಬರುತ್ತದೆ. ನವರಾತ್ರಿಯವರೆಗೆ ಬುಟ್ಟಿ ತುಂಬುತ್ತಿದ್ದ ಮೊಟ್ಟೆ ಈಗ ಬುಟ್ಟಿಯ ತಳ ಮುಚ್ಚುವುದೂ ಕಷ್ಟ ಎಂಬುದೇ ಆ ದೂರು. ಇದೇ ದಿನಗಳಲ್ಲಿ ಮೊಟ್ಟೆಯ ಧಾರಣೆ ಸಾಮಾನ್ಯವಾಗಿ ಏರುಮುಖವಾಗಿರುತ್ತದೆ. ಉತ್ತರದ ಚಳಿ ಪ್ರಾಂತಗಳಲ್ಲಿ ಮೊಟ್ಟೆಯ ಬಳಕೆ ಹೆಚ್ಚುತ್ತದೆ. ಕ್ರಿಸ್‌ಮಸ್, ಹೊಸ ವರ್ಷಗಳ ಕೇಕಿಗೆ ಬೇಕರಿಯವರು ಕೊಳ್ಳುತ್ತಾರೆ. ಅಯ್ಯಪ್ಪ ಮಾಲೆ ಹಾಕಿದವರ ಮನೆಗಳಲ್ಲಿ ಮಂಡಲ ಪೂಜೆ ಮುಗಿಯುವವರೆಗೆ ಮೊಟ್ಟೆ ಒಳಗೆ ಬರುವುದಿಲ್ಲವೆಂಬುದು ನಿಜವೇ. ಆದರೆ ಬೆಲೆ ಗೊತ್ತಾಗುವುದು ನಮ್ಮ ಊರಿನ ಅಡಿಗೆಮನೆಗಳಲ್ಲಲ್ಲ. 1982ರಲ್ಲಿ ಹುಟ್ಟಿದ ರಾಷ್ಟ್ರೀಯ ಮೊಟ್ಟೆ ಸಮನ್ವಯ ಸಮಿತಿಯು ದಿನದಿನವೂ ಪ್ರಕಟಿಸುವ ದರಗಳಲ್ಲಿ ಬೆಂಗಳೂರಿನದೂ ಉಂಟು, ಚಿತ್ತೂರಿನದೂ ಉಂಟು. ಮುಳಬಾಗಿಲು ಈ ಎರಡರ ನಡುವಿನ ಹೆದ್ದಾರಿಯಲ್ಲಿದೆ. ಸರಕು ಇದ್ದವನಿಗೆ ಎರಡು ಕಡೆಯೂ ಬಾಗಿಲು ತೆರೆದಿದೆ. ಶಾಲೆಯ ಬಿಸಿಯೂಟದಲ್ಲಿ ಮೊಟ್ಟೆ ಕೊಡುವುದು ಆರಂಭವಾದ ಮೇಲಂತೂ ಊರಿನಲ್ಲೇ ಗಿರಾಕಿ. ಸರಕೇ ಇಲ್ಲದ ಕಾಲದಲ್ಲಿ ಬೆಲೆ ಬಂದರೆ ಸಣ್ಣ ರೈತನಿಗೆ ಏನು ಪ್ರಯೋಜನ?

ಇದಕ್ಕೆ ಪರಿಹಾರವೆಂದು ಎಲ್ಲರೂ ಹೇಳುವುದು ದೀಪ. ಕೋಳಿಮನೆಗೆ ಬಲ್ಬು ಹಾಕಿ, ಹಗಲನ್ನು ಉದ್ದ ಮಾಡಿ, ಮೊಟ್ಟೆ ಬರುತ್ತದೆ ಎನ್ನುತ್ತಾರೆ. ಮಾತು ಸುಳ್ಳಲ್ಲ. ಆದರೆ ಅರ್ಧ ಮಾತ್ರ ಹೇಳಿ ಬಿಟ್ಟಿರುವುದರಿಂದ ನಷ್ಟವಾದವರೂ ನಮ್ಮಲ್ಲಿದ್ದಾರೆ. ಆದ್ದರಿಂದ ಈ ಲೇಖನ.

ಮೊದಲಿಗೆ ಒಂದು ತಪ್ಪು ತಿಳಿವಳಿಕೆ ಹೋಗಬೇಕು. ಕೋಳಿ ಮೊಟ್ಟೆ ನಿಲ್ಲಿಸುವುದು ಚಳಿಗೆ, ಬಲ್ಬು ಹಾಕುವುದು ಕಾವಿಗೆ ಎಂದು ನಮ್ಮಲ್ಲಿ ಅನೇಕರ ನಂಬಿಕೆ. ಮರಿಗಳಿಗೆ ಕಾವು ಕೊಡುವ ಬಲ್ಬನ್ನು ನೋಡಿ ಬಂದ ಅಭಿಪ್ರಾಯವಿದು. ಕೆನಡಾದಲ್ಲಿ ವಿಲಿಯಂ ರೋವನ್ ಎಂಬ ವಿಜ್ಞಾನಿ 1920ರ ದಶಕದಲ್ಲಿ ಸಣ್ಣ ಕಾಡುಹಕ್ಕಿಗಳನ್ನು ಬಯಲಿನ ಪಂಜರದಲ್ಲಿಟ್ಟು, ನೀರು ಹೆಪ್ಪುಗಟ್ಟುವ ಚಳಿಯಲ್ಲಿಯೇ ದಿನಕ್ಕೆ ಸ್ವಲ್ಪ ಸ್ವಲ್ಪವಾಗಿ ದೀಪದ ಹೊತ್ತನ್ನು ಹೆಚ್ಚಿಸಿದರು. ವಸಂತದಲ್ಲಿ ಮಾತ್ರ ಬೆಳೆಯಬೇಕಾದ ಅವುಗಳ ಬೀಜಾಂಗಗಳು ನಡುಚಳಿಗಾಲದಲ್ಲೇ ಬೆಳೆದವು. ಕೆಲಸ ಮಾಡಿದ್ದು ಕಾವಲ್ಲ, ಬೆಳಕು. ಮುಂದಿನ ದಶಕದಲ್ಲಿ ಫ್ರಾನ್ಸಿನ ಬೆನ್ವಾ ಎಂಬವರು ಬಾತುಕೋಳಿಗಳಲ್ಲಿ ಪರೀಕ್ಷೆ ನಡೆಸಿ, ಬೆಳಕು ಕಣ್ಣಿನ ಮೂಲಕ ಮಾತ್ರವಲ್ಲ, ತಲೆಬುರುಡೆಯನ್ನು ಹಾಯ್ದೂ ಮಿದುಳಿಗೆ ಮುಟ್ಟುತ್ತದೆಂದು ತೋರಿಸಿದರು. ಮಿದುಳಿನ ಬುಡದಲ್ಲಿರುವ ಸಣ್ಣ ಗ್ರಂಥಿಯೊಂದು ಅದರಿಂದ ಚುರುಕಾಗಿ ರಸ ಸುರಿಸುತ್ತದೆ. ಆ ರಸ ರಕ್ತದ ಮೂಲಕ ಅಂಡಾಶಯವನ್ನು ಮುಟ್ಟಿ ಮೊಟ್ಟೆಯ ಹಳದಿ ಬಲಿಯುವಂತೆ ಮಾಡುತ್ತದೆ.

ಇದು ನಮ್ಮ ರೈತರಿಗೆ ಅಪರಿಚಿತ ಸಂಗತಿಯೂ ಅಲ್ಲ. ಕೋಲಾರ, ಚಿಕ್ಕಬಳ್ಳಾಪುರಗಳ ಕಡೆ ಸೇವಂತಿಗೆ ಹೊಲಗಳಲ್ಲಿ ರಾತ್ರಿ ಸಾಲುಸಾಲಾಗಿ ಬಲ್ಬು ಉರಿಯುವುದನ್ನು ದಾರಿಹೋಕರೆಲ್ಲ ನೋಡಿದ್ದಾರೆ. ಸೇವಂತಿಗೆ ರಾತ್ರಿ ಉದ್ದವಾದರೆ ಮೊಗ್ಗು ಬಿಡುವ ಗಿಡ. ಆ ರಾತ್ರಿಯನ್ನು ದೀಪದಿಂದ ಮುರಿದರೆ ಗಿಡ ಹೂವನ್ನು ಮುಂದೂಡಿ ಎತ್ತರ ಬೆಳೆಯುತ್ತದೆ. ಹೊಲದವರು ಇದನ್ನು ಪುಸ್ತಕ ಓದಿ ಕಲಿತದ್ದಕ್ಕಿಂತ ಒಬ್ಬರನ್ನು ಕಂಡು ಒಬ್ಬರು ಕಲಿತದ್ದೇ ಹೆಚ್ಚು. ಕೋಳಿಯ ಲೆಕ್ಕ ಇದಕ್ಕೆ ತಿರುವುಮುರುವು. ಹಗಲು ಉದ್ದವಾಗುತ್ತಿದ್ದರೆ ಅದು ಮೊಟ್ಟೆಗೆ ಸಿದ್ಧವಾಗುತ್ತದೆ; ಗಿಡ್ಡವಾಗುತ್ತಿದ್ದರೆ ಗರಿ ಉದುರಿಸಿ ವಿಶ್ರಾಂತಿಗೆ ಹೊರಡುತ್ತದೆ.

ಈಗ ನಮ್ಮ ಹಗಲಿನ ಅಳತೆ ನೋಡೋಣ. ಕೋಳಿಮನೆಯ ದೀಪದ ಬಗ್ಗೆ ನಾವು ಓದುವ ಬಹುಪಾಲು ಬರಹ ಶೀತದೇಶಗಳಿಂದ ಬಂದದ್ದು. ಲಂಡನ್ನಿನಲ್ಲಿ ಡಿಸೆಂಬರ್ 21ರ ಹಗಲು ಎಂಟು ಗಂಟೆಯೂ ಇಲ್ಲ. ಜೂನ್ 21ರದು ಹದಿನಾರೂವರೆ ಗಂಟೆ ದಾಟುತ್ತದೆ. ಮುಳಬಾಗಿಲು ಇರುವುದು ಭೂಮಧ್ಯರೇಖೆಯಿಂದ ಉತ್ತರಕ್ಕೆ ಸುಮಾರು 13 ಡಿಗ್ರಿಯಲ್ಲಿ. ಇಲ್ಲಿ ಡಿಸೆಂಬರಿನ ಅತಿ ಗಿಡ್ಡ ಹಗಲು ಸುಮಾರು 11 ಗಂಟೆ 20 ನಿಮಿಷ, ಜೂನಿನ ಅತಿ ಉದ್ದ ಹಗಲು 12 ಗಂಟೆ 50 ನಿಮಿಷದಷ್ಟು. ವ್ಯತ್ಯಾಸ ಒಂದೂವರೆ ಗಂಟೆ ಮಾತ್ರ. ಅಂದಮೇಲೆ ಚಳಿಗಾಲದಲ್ಲಿ ಮೊಟ್ಟೆ ಅರ್ಧಕ್ಕೆ ಇಳಿದರೆ ಆ ತಪ್ಪನ್ನೆಲ್ಲ ಸೂರ್ಯನ ತಲೆಗೆ ಕಟ್ಟುವುದು ನ್ಯಾಯವಲ್ಲ.

ನಮ್ಮಲ್ಲಿ ಚಳಿಗಾಲಕ್ಕೆ ಮುಂಚೆ ಈಶಾನ್ಯ ಮಾರುತದ ಮಳೆಯುಂಟು. ಚಿತ್ತೆ, ಸ್ವಾತಿ, ವಿಶಾಖೆ ಮಳೆಗಳು ಜಡಿ ಹಿಡಿದರೆ ಬಂಗಾಳ ಕೊಲ್ಲಿಯ ವಾಯುಭಾರ ಕುಸಿತದ ಎರಚಲು ನೇರ ನಮ್ಮ ಕೋಳಿಮನೆಗೇ ಬರುತ್ತದೆ. ಹಾಸಿದ ಕಡಲೆಕಾಯಿ ಸಿಪ್ಪೆ, ಭತ್ತದ ಹೊಟ್ಟು ಒದ್ದೆಯಾಗಿ ಗಟ್ಟಿಕಟ್ಟುತ್ತದೆ, ಘಾಟು ಏಳುತ್ತದೆ, ರಕ್ತಭೇದಿ ಕಾಣಿಸುತ್ತದೆ. ಹೊಟ್ಟೆಯಲ್ಲಿ ಜಂತು, ಮೈಮೇಲೆ ಹೇನು. ಲಸಿಕೆ ತಪ್ಪಿದ್ದರೆ ಕೊಕ್ಕರೆ ರೋಗದ ಭಯ. ವರ್ಷ ದಾಟಿದ ಹೇಂಟೆಗಳು ಹೇಗೂ ಗರಿ ಬಿಚ್ಚುವ ಕಾಲ. ಇವುಗಳಲ್ಲಿ ಒಂದನ್ನೂ ಬಲ್ಬು ವಾಸಿಮಾಡುವುದಿಲ್ಲ. ಹಾಸನ್ನು ಕೈಯಲ್ಲಿ ಹಿಡಿದು ಹಿಸುಕಿ, ಅದು ಉಂಡೆ ಕಟ್ಟಿದರೆ ದೀಪದ ಯೋಚನೆ ಬಿಟ್ಟು ಮೊದಲು ಹಾಸು ಬದಲಾಯಿಸಿ.

ಹಾಗಾದರೆ ದೀಪ ಬೇಡವೇ? ಬೇಕು, ಆದರೆ ಎಲ್ಲರಿಗೂ ಅಲ್ಲ. ಹಿತ್ತಿಲಲ್ಲಿ ಹತ್ತು ನಾಟಿ ಕೋಳಿ ಸಾಕಿರುವ ತಾಯಂದಿರು ದೀಪದ ಗೋಜಿಗೆ ಹೋಗಬೇಕಾಗಿಲ್ಲ. ನಾಟಿ ಹೇಂಟೆ ಒಂದು ಸರದಿ ಇಟ್ಟು ಕಾವಿಗೆ ಕೂರುತ್ತದೆ, ಮರಿ ಮಾಡುತ್ತದೆ, ಮತ್ತೆ ಇಡುತ್ತದೆ. ಅದರ ಸ್ವಭಾವ ಹಾಗೆ. ರಾಗಿ ಒಕ್ಕುವ ಕಾಲದಲ್ಲಿ ಕಣದ ಸುತ್ತ ಕಾಳು ಕೆದಕಿ ತಿಂದು ಅದು ಸುಖವಾಗಿಯೇ ಇರುತ್ತದೆ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ರೂಪುಗೊಂಡ ಗಿರಿರಾಜ, ಸ್ವರ್ಣಧಾರ ಕೋಳಿಗಳನ್ನು ಸ್ತ್ರೀಶಕ್ತಿ ಸಂಘಗಳ ಮೂಲಕ ತಂದು ಮೇಯಲು ಬಿಟ್ಟು ಸಾಕುವವರಿಗೂ ನನ್ನ ಸಲಹೆ ಇದೇ: ಮೇವು, ನೀರು, ರಾತ್ರಿ ನರಿ ನಾಯಿಗಳಿಂದ ಕಾವಲು, ಇಷ್ಟು ಮೊದಲು. ದೀಪದಿಂದ ನಿಜವಾದ ಲಾಭವಿರುವುದು ನೂರು, ಇನ್ನೂರು, ಐನೂರು ಮೊಟ್ಟೆ ತಳಿಯ ಕೋಳಿಗಳನ್ನು ಮನೆಯೊಳಗೆ ಹಾಸಿನ ಮೇಲೆ ಸಾಕಿ, ತೂಕದ ಮೇವು ಹಾಕುವವರಿಗೆ. ಇಂತಹ ತಳಿಗೆ ದಿನಕ್ಕೆ ಹದಿನಾಲ್ಕರಿಂದ ಹದಿನಾರು ಗಂಟೆ ಬೆಳಕು ಬೇಕೆಂಬುದು ಎಲ್ಲ ದೇಶಗಳಲ್ಲೂ ಒಪ್ಪಿದ ಮಾತು. ನಮ್ಮ ಜೂನಿನ ಹಗಲೂ ಅದಕ್ಕೆ ಸಾಲದು. ಹೀಗಾಗಿ ನಮ್ಮಲ್ಲಿ ದೀಪವು ಚಳಿಗಾಲದ ಔಷಧವಲ್ಲ; ವರ್ಷವಿಡೀ ನಡೆಯಬೇಕಾದ ವ್ಯವಸ್ಥೆ. ಇಲ್ಲೇ ಅನೇಕರು ತಪ್ಪುವುದು.

ನನ್ನದೇ ಅನುಭವ ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ಇನ್ನೂರು ಕೋಳಿಗಳಿಗೆ ನವರಾತ್ರಿಯಿಂದ ದೀಪ ಆರಂಭಿಸಿದೆ. ಮೊಟ್ಟೆ ಚೆನ್ನಾಗಿ ಏರಿತು, ಮನೆಯವರೆಲ್ಲ ಹಿಗ್ಗಿದರು. ಧನುರ್ಮಾಸದ ನಡುವೆ ನಮ್ಮ ತೋಟದ ಟ್ರಾನ್ಸ್‌ಫಾರ್ಮರು ಸುಟ್ಟಿತು. ಬದಲಿ ಬರಲು ಹನ್ನೆರಡು ದಿನ. ಲಾಟೀನು ಹಿಡಿದು ನೋಡಿದೆ, ಟಾರ್ಚು ಕಟ್ಟಿ ನೋಡಿದೆ, ಒಂದು ದಿನ ಹಾಕಿದೆ, ಎರಡು ದಿನ ನಿದ್ದೆಹೋದೆ. ಎರಡನೆಯ ವಾರಕ್ಕೆ ಹಾಸಿನ ತುಂಬ ಗರಿ. ಕರೆಂಟು ಬಂದ ಮೇಲೂ ಆ ಕೋಳಿಗಳು ಹಿಂದಿನ ಮಟ್ಟಕ್ಕೆ ಬರಲು ಶಿವರಾತ್ರಿ ಕಳೆಯಬೇಕಾಯಿತು. ಅಷ್ಟರಲ್ಲಿ ಧಾರಣೆ ಇಳಿದಿತ್ತು. ಪಕ್ಕದ ತೋಟದವರು ದೀಪವನ್ನೇ ಹಾಕಿರಲಿಲ್ಲ. ಅವರಿಗೆ ಮೊದಲಿನಿಂದಲೂ ಮೊಟ್ಟೆ ಕಡಿಮೆ, ಆದರೆ ಇದ್ದಷ್ಟು ನಿಲ್ಲಲಿಲ್ಲ. ಆ ವರ್ಷದ ಲೆಕ್ಕದಲ್ಲಿ ಗೆದ್ದವರು ಅವರೇ. ಹದಿನೈದು ಗಂಟೆಯ ಹಗಲಿಗೆ ಒಗ್ಗಿದ ಕೋಳಿಗೆ ಹಠಾತ್ತನೆ ಹನ್ನೊಂದು ಗಂಟೆಯ ಹಗಲು ಕೊಟ್ಟರೆ ಅದರ ಪಾಲಿಗೆ ಒಂದೇ ರಾತ್ರಿಯಲ್ಲಿ ಋತು ಬದಲಾದಂತೆ. ದೀಪವನ್ನೇ ಕಾಣದ ಕೋಳಿಗೆ ಇಂತಹ ಪೆಟ್ಟು ಬೀಳುವುದಿಲ್ಲ.

ಆದ್ದರಿಂದ ಕೋಳಿಮನೆಯನ್ನು ಯಾವ ಲೈನಿಗೆ ಸೇರಿಸಿದ್ದೀರಿ ಎಂಬುದು ಮೊದಲ ಪ್ರಶ್ನೆ. ಕೊಳವೆಬಾವಿಯ ಪಕ್ಕ ಕೋಳಿಮನೆ ಕಟ್ಟಿ ಪಂಪ್‌ಸೆಟ್ಟಿನ ಲೈನಿನಿಂದಲೇ ತಂತಿ ಎಳೆದವರು ಬಹಳ ಮಂದಿ. ಆ ಲೈನಿನ ಕರೆಂಟು ಸರದಿಯ ಮೇಲೆ ಬರುತ್ತದೆ, ಈ ವಾರ ಹಗಲು, ಮುಂದಿನ ವಾರ ರಾತ್ರಿ. ಬೆಳೆಗೆ ನೀರು ಹಾಯಿಸುವವನು ಸರದಿಗೆ ಕಾಯಬಲ್ಲ, ಕೋಳಿ ಕಾಯಲಾರದು. ವಿಚಿತ್ರವೆಂದರೆ, ಏಷ್ಯಾದಲ್ಲಿಯೇ ಮೊದಲ ಸಾಲಿನಲ್ಲಿ ವಿದ್ಯುತ್ ಕಂಡ ನೆಲ ನಮ್ಮದು. 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ತಂತಿ ಎಳೆದು ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ ಕೊಟ್ಟರು; ಬೆಂಗಳೂರಿನ ಬೀದಿಗಳಿಗೆ ದೀಪ ಬಂದದ್ದು ಅದಾದ ಮೂರು ವರ್ಷಕ್ಕೆ, 1905ರಲ್ಲಿ. ಗಣಿಗೆ ಒಂದು ಗಳಿಗೆಯೂ ತಪ್ಪದೆ ಬೇಕೆಂದು ಅಷ್ಟು ದೂರದಿಂದ ತಂದ ಜಿಲ್ಲೆಯಲ್ಲಿ, ಇಂದು ಬೆಳಗಿನ ಜಾವ ಮೂರು ಗಂಟೆ ಹೊತ್ತು ಹದಿನೆಂಟು ವಾಟಿನ ಭರವಸೆ ಕೊಡುವುದು ಅಸಾಧ್ಯವೆಂದು ನಾನು ಒಪ್ಪಲಾರೆ. ಕಡೆಯ ಪಕ್ಷ ಸರದಿಯ ವೇಳಾಪಟ್ಟಿಯನ್ನಾದರೂ ಪಂಚಾಯ್ತಿ ಬಾಗಿಲಿಗೆ ಅಂಟಿಸಿ, ಅಂಟಿಸಿದ ಹಾಗೆ ನಡೆದರೆ ಅದೇ ದೊಡ್ಡ ಉಪಕಾರ.

ಹದಿನೆಂಟು ವಾಟು ಎಂದೆನಲ್ಲ, ಅದರ ಲೆಕ್ಕ ಇದು. ಒಂದು ಕೋಳಿಗೆ ಎರಡು ಚದರ ಅಡಿಯಂತೆ ಇನ್ನೂರು ಕೋಳಿಗೆ 400 ಚದರ ಅಡಿ ಮನೆ. ಹಿಂದಿನ ಕಾಲದ 40 ವಾಟಿನ ಗಾಜಿನ ಬಲ್ಬಾದರೆ ಏಳಡಿ ಎತ್ತರದಲ್ಲಿ ಮೂರು ಬೇಕಿತ್ತು. ದಿನಕ್ಕೆ ನಾಲ್ಕು ಗಂಟೆ ಉರಿಸಿದರೆ ತಿಂಗಳಿಗೆ ಹದಿನಾಲ್ಕು ಯೂನಿಟ್ ಮೀರುತ್ತಿತ್ತು. ಅಷ್ಟೇ ಬೆಳಕಿಗೆ ಈಗ 6 ವಾಟಿನ ಮೂರು ಎಲ್‌ಇಡಿ ಸಾಕು. ತಿಂಗಳಿಗೆ ಎರಡು ಯೂನಿಟ್ಟಿನ ಆಸುಪಾಸು. ಬೆಳ್ಳಗೆ ಕೋರೈಸುವ ಬಲ್ಬಿಗಿಂತ ಹಳದಿ ಬಣ್ಣದ್ದೇ ಲೇಸು. ಕೆಂಪು ಹಳದಿ ಬೆಳಕು ತಲೆಬುರುಡೆಯನ್ನು ಚೆನ್ನಾಗಿ ಹಾಯುತ್ತದೆ. ಬೆಳಕು ಎಷ್ಟಿರಬೇಕೆಂದು ಅಳೆಯಲು ಯಂತ್ರ ಬೇಡ. ಈ ಪತ್ರಿಕೆಯನ್ನೇ ಮೇವಿನ ತೊಟ್ಟಿಯ ಪಕ್ಕ ಹಿಡಿದು ನೋಡಿ, ಅಕ್ಷರ ಓದಲು ಬಂದರೆ ಸಾಕು. ಅದಕ್ಕಿಂತ ಹೆಚ್ಚು ಪ್ರಖರವಾದರೆ ಕೋಳಿಗಳು ಒಂದನ್ನೊಂದು ಕುಕ್ಕತೊಡಗುತ್ತವೆ. ಬಲ್ಬಿನ ಮೇಲಿನ ಧೂಳನ್ನು ವಾರಕ್ಕೊಮ್ಮೆ ಒರೆಸಿ. ಇಲಿ ಕಡಿದ ತಂತಿಯನ್ನು ಒಣ ಹೊಟ್ಟಿನ ಮೇಲೆ ತೂಗಬಿಡಬೇಡಿ, ಬೆಂಕಿಗೆ ಅಷ್ಟು ಸಾಕು.

ಕರೆಂಟಿಗೆ ಬದಲಿ ವ್ಯವಸ್ಥೆಯೂ ಈಗ ಕೈಗೆಟುಕುವಂತಿದೆ. ಇಷ್ಟು ಕಡಿಮೆ ವಾಟಿಗೆ 12 ವೋಲ್ಟಿನ ಒಂದು ಬ್ಯಾಟರಿ, ಮಾಡಿನ ಮೇಲೊಂದು ಸಣ್ಣ ಸೌರ ಹಲಗೆ ಸಾಕು. ನಾನು ಆ ಹನ್ನೆರಡು ದಿನಗಳ ನಂತರ ಮಾಡಿಕೊಂಡದ್ದೂ ಇದನ್ನೇ. ಹೊತ್ತಿಗೆ ಸರಿಯಾಗಿ ಹಚ್ಚಿ ಆರಿಸುವ ಟೈಮರ್ ಕೊಳ್ಳುವಾಗ ಒಂದು ವಿಷಯ ವಿಚಾರಿಸಿ: ಕರೆಂಟು ಹೋದಾಗ ಅದರ ಗಡಿಯಾರವೂ ನಿಲ್ಲುತ್ತದೆಯೇ? ನಿಲ್ಲುವಂಥದ್ದಾದರೆ ಬೇಡ. ಎರಡು ಗಂಟೆ ಕರೆಂಟು ಹೋದರೆ ಅದು ಮಾರನೆಯ ದಿನ ಎರಡು ಗಂಟೆ ತಡವಾಗಿ ಹಚ್ಚುತ್ತದೆ; ನೀವು ಮಲಗಿರುತ್ತೀರಿ.

ದೀಪ ಸಂಜೆಗೋ, ಬೆಳಗಿನ ಜಾವಕ್ಕೋ? ಕಾಗದದ ಮೇಲೆ ಸುಲಭವಾದ ದಾರಿ, ಬೆಳಗಿನ 4ಕ್ಕೆ ಹಚ್ಚಿ ಸಂಜೆ 7ಕ್ಕೆ ಆರಿಸುವುದು. ನಮ್ಮಲ್ಲಿ ಸೂರ್ಯ 4ಕ್ಕೆ ಮುಂಚೆ ಹುಟ್ಟುವುದೂ ಇಲ್ಲ, 7ರ ನಂತರ ಮುಳುಗುವುದೂ ಇಲ್ಲ. ವರ್ಷವಿಡೀ ಹದಿನೈದು ಗಂಟೆ ಕರಾರುವಾಕ್ಕು. ಆದರೆ ಸಂಜೆ ಎಲ್ಲ ಮನೆಗಳಲ್ಲೂ ಕರೆಂಟು ಬಳಸುವ ಹೊತ್ತು, ಹೋಗುವುದೂ ಆಗಲೇ. ದೀಪ ತಟ್ಟನೆ ಆರಿದರೆ ಕೋಳಿ ಎಲ್ಲಿ ನಿಂತಿತ್ತೋ ಅಲ್ಲೇ ಕೂರುತ್ತದೆ, ಅಟ್ಟಣಿಗೆಗೆ ಹತ್ತಲು ಕಣ್ಣು ಕಾಣದೆ ಮೂಲೆಯಲ್ಲಿ ಒಂದರ ಮೇಲೊಂದು ಬಿದ್ದು ಉಸಿರುಕಟ್ಟುವುದುಂಟು. ಸಂಜೆಯನ್ನು ಸೂರ್ಯನಿಗೇ ಬಿಟ್ಟು ದೀಪವನ್ನೆಲ್ಲ ಬೆಳಗಿನ ಜಾವಕ್ಕೆ ಇಡುವುದು ಹಾಸಿನ ಮೇಲೆ ಸಾಕುವವರಿಗೆ ಕ್ಷೇಮವೆಂಬುದು ನನ್ನ ಅಭಿಪ್ರಾಯ. ಮುಸ್ಸಂಜೆ ನಿಧಾನವಾಗಿ ಕವಿಯುತ್ತದೆ, ಕೋಳಿ ತಾನಾಗಿ ಅಟ್ಟಣಿಗೆ ಸೇರುತ್ತದೆ. ಆಷಾಢದಲ್ಲಿ 4ಕ್ಕೆ ಹಚ್ಚುತ್ತಿದ್ದರೆ ಅಲ್ಲಿಂದ ತಿಂಗಳಿಗೆ ಹದಿನೈದು ನಿಮಿಷ ಹಿಂದಕ್ಕೆ ಸರಿಸುತ್ತ ಬನ್ನಿ. ಕಾರ್ತಿಕದಲ್ಲಿ 3ಕ್ಕೆ ಬಂದಿರುತ್ತದೆ. ಅತ್ತ ಸೂರ್ಯಾಸ್ತ ಅಷ್ಟೇ ಹಿಂದೆ ಬಂದಿರುವುದರಿಂದ ಹಗಲು ಹದಿನೈದು ಗಂಟೆಗೆ ಹತ್ತಿರವೇ ನಿಲ್ಲುತ್ತದೆ. ಬೆಳಿಗ್ಗೆ ಚೆನ್ನಾಗಿ ಬೆಳಕು ಹರಿದ ಮೇಲೆಯೇ ಆರಿಸಿ.

ಹೊಸದಾಗಿ ಆರಂಭಿಸುವವರು ಒಂದೇ ದಿನ ನಾಲ್ಕು ಗಂಟೆ ಕೂಡಿಸಬಾರದು. ನವರಾತ್ರಿಯಲ್ಲಿ ಅರ್ಧ ಗಂಟೆ, ಮುಂದಿನ ವಾರ ಇನ್ನರ್ಧ, ಹೀಗೆ ಏರಿಸಿದರೆ ಡಿಸೆಂಬರಿಗೆ ಪೂರ್ತಿಯಾಗುತ್ತದೆ. ಹದಿನೆಂಟು ವಾರ ತುಂಬದ, ತೂಕ ಬಾರದ ಎಳೆ ಹೇಂಟೆಗಳಿಗೆ ಮಾತ್ರ ಈ ಹೆಚ್ಚುವರಿ ದೀಪ ಸುತರಾಂ ಕೂಡದು. ಮೈ ಬಲಿಯುವ ಮೊದಲೇ ಇಡತೊಡಗಿದರೆ ಮೊಟ್ಟೆ ಸಣ್ಣದು, ಜನನದ್ವಾರ ಹೊರಬಂದು ಸಾಯುವವೂ ಹೆಚ್ಚು. ಗೌರಿ ಹಬ್ಬದ ಹೊತ್ತಿಗೆ ಮರಿ ತಂದವರ ಹಿಂಡು ಸಂಕ್ರಾಂತಿಯ ವೇಳೆಗೆ, ಅಂದರೆ ಗಿಡ್ಡ ಹಗಲಿನಲ್ಲಿಯೇ, ಮೊಟ್ಟೆಗೆ ಬರುತ್ತದೆ. ದೀಪದ ಉಪಯೋಗ ಎದ್ದು ಕಾಣುವುದು ಇಂತಹ ಹಿಂಡಿನಲ್ಲಿ.

ದೀಪ ಹಚ್ಚಿ ತೊಟ್ಟಿ ಖಾಲಿ ಬಿಟ್ಟವರನ್ನೂ ನೋಡಿದ್ದೇನೆ. ಕೋಳಿ ಮೂರು ಗಂಟೆಗೆ ಎದ್ದರೆ ಮೂರು ಗಂಟೆಗೇ ಮೇವು ನೀರು ಇರಬೇಕು. ಹಿಂದಿನ ಸಂಜೆಯೇ ತುಂಬಿಡಿ. ಮೊಟ್ಟೆ ಇಡುವ ಕೋಳಿ ದಿನಕ್ಕೆ ಸುಮಾರು 110 ಗ್ರಾಂ ತಿನ್ನುತ್ತದೆ, ಇನ್ನೂರಕ್ಕೆ 22 ಕಿಲೋ. ದೀಪದ ಖರ್ಚು ಇದರ ಮುಂದೆ ಲೆಕ್ಕಕ್ಕೇ ಬಾರದು. ಒಂದೊಂದು ಮೊಟ್ಟೆಯ ಚಿಪ್ಪಿನಲ್ಲೂ ಎರಡು ಗ್ರಾಮಿನಷ್ಟು ಸುಣ್ಣದ ಸಾರವಿರುತ್ತದೆ; ಅದನ್ನು ಮೇವಿನಲ್ಲಿ ಕೊಡದಿದ್ದರೆ ಕೋಳಿ ತನ್ನ ಮೂಳೆಯಿಂದ ತೆಗೆದು ಕೊಡುತ್ತದೆ. ಚಿಪ್ಪು ಕಟ್ಟುವ ಕೆಲಸ ಹೆಚ್ಚಾಗಿ ರಾತ್ರಿ ನಡೆಯುವುದರಿಂದ ಸಂಜೆಯ ಮೇವಿಗೆ ಕಪ್ಪೆಚಿಪ್ಪಿನ ಚೂರು ಹಾಕುವುದು ಒಳ್ಳೆಯ ಪದ್ಧತಿ. ಮುಸುಕಿನ ಜೋಳ ದುಬಾರಿಯಾಯಿತೆಂದು ಮೇವಿನಲ್ಲಿ ಕೈ ಹಿಡಿಯುವವರು ದಯವಿಟ್ಟು ದೀಪದಲ್ಲೂ ಕೈ ಹಿಡಿಯಲಿ.

ನಮ್ಮೂರ ಹಿರಿಯಾಕೆಯೊಬ್ಬರು ನನ್ನ ಕೋಳಿಮನೆಯ ಬೆಳಕು ನೋಡಿ, "ಏನಪ್ಪಾ, ಕೋಳೀಗೂ ನಿದ್ದೆ ಬೇಡ್ವಾ? ಹೊಟ್ಟೇಲಿರೋ ಮೊಟ್ಟೇನೆಲ್ಲಾ ಈಗ್ಲೇ ಇಡಿಸಿಬಿಟ್ರೆ ಆಮೇಲೆ ಏನ್ ಇಡ್ತದೆ?" ಎಂದು ಕೇಳಿದ್ದರು. ಎರಡನೆಯದಕ್ಕೆ ಉತ್ತರ ಸುಲಭವಿತ್ತು: "ಹೇಂಟೆಯ ಅಂಡಾಶಯದಲ್ಲಿ ಸಾವಿರಾರು ಕಣಗಳಿರುತ್ತವೆ ಅಜ್ಜೀ, ಎಷ್ಟು ದೀಪ ಹಾಕಿದರೂ ಅದು ಬರಿದಾಗುವುದಿಲ್ಲ. ಬರಿದಾಗುವುದು ಮೈಯ ಸತ್ವ, ಅದನ್ನು ಮೇವಿನಲ್ಲಿ ತುಂಬಬೇಕು." ಮೊದಲನೆಯ ಮಾತಿನಲ್ಲಿ ಅವರದೇ ನ್ಯಾಯ. ಇಡೀ ರಾತ್ರಿ ದೀಪ ಉರಿಸುವವರೂ ನಮ್ಮಲ್ಲಿದ್ದಾರೆ, ಹೆಚ್ಚು ಬೆಳಕಿಗೆ ಹೆಚ್ಚು ಮೊಟ್ಟೆ ಎಂಬ ಲೆಕ್ಕ ಅವರದು. ಹದಿನಾರು ಗಂಟೆಯ ಮೇಲೆ ಕೊಟ್ಟ ಬೆಳಕಿನಿಂದ ಮೊಟ್ಟೆ ಹೆಚ್ಚುವುದಿಲ್ಲ. ಎಂಟು ಗಂಟೆಯ ಕತ್ತಲೆ ಕೋಳಿಯ ಹಕ್ಕು.

ಇನ್ನು ತರಬೇತಿ ಬೇಕೆನ್ನುವವರಿಗೆ ಬೆಂಗಳೂರಿನ ಹೆಸರಘಟ್ಟದಲ್ಲಿ ಕೇಂದ್ರ ಸರ್ಕಾರದ ಕೋಳಿ ಅಭಿವೃದ್ಧಿ ಸಂಸ್ಥೆಯಿದೆ. ಅಲ್ಲಿಗೆ ಹೋಗುವವರು ಮನೆಯಲ್ಲಿ ಕೋಳಿಗೆ ಮೇವು ಹಾಕುವವರನ್ನೇ ಕರೆದುಕೊಂಡು ಹೋಗುವುದು ಒಳ್ಳೆಯದು. ನಮ್ಮ ಕಡೆ ಅದು ಹೆಚ್ಚಾಗಿ ಹೆಂಗಸರ ಕೆಲಸ; ಬೆಳಗಿನ ಜಾವ ಮೂರು ಗಂಟೆಗೆ ದೀಪ ಹತ್ತಿತೋ ಇಲ್ಲವೋ ಎಂದು ಎದ್ದು ನೋಡುವವರೂ ಅವರೇ.